ಮೂರು ಪದರದ ಕೆಳಗಿನ ಬೆಳ್ಳಿ

ಜಂಗಮವಾಡಿ, ವಾರಾಣಸಿ
2 ಜನವರಿ 2025

ಚಿ. ಸೌ. ವಸುಮತಿಗೆ ಅತ್ತೆ ಗಿರಿಜಾದೇವಿಯ ಆಶೀರ್ವಾದ.

ನೀನು ಹೋಗಿ ನಾಲ್ಕು ದಿನವಾಯಿತು. ಫೋನು ಹತ್ತದ ಜಾಗಕ್ಕೆ ಮನೆಯ ಸೊಸೆ ಯಾಕೆ ಹೋಗಬೇಕು ಎಂದು ಮೇಲಿನ ಮನೆಯ ತಿರುಮಲಮ್ಮ ದಿನಕ್ಕೆ ಎರಡು ಸಲ ಕೇಳುತ್ತಾಳೆ. ನಾನು ದಿನಕ್ಕೆ ಎರಡು ಸಲ ಒಂದೇ ಉತ್ತರ ಹೇಳುತ್ತೇನೆ. ನಮ್ಮ ವಸುಮತಿ ವಿಶ್ವವಿದ್ಯಾಲಯದಲ್ಲಿ ಗಂಗೆಯ ನೀರಿನ ಸಂಶೋಧನೆ ಮಾಡುತ್ತಾಳೆ, ಹಿಮನದಿಯಿಂದ ಚಳಿಗಾಲದ ಹಿಮ ತರಬೇಕು, ಬೆಟ್ಟ ಹತ್ತುವ ತರಬೇತಿಯ ಪ್ರಮಾಣಪತ್ರ ಇಲ್ಲದವರನ್ನು ಅಲ್ಲಿಗೆ ಬಿಡುವುದಿಲ್ಲ, ಪತ್ರ ಸಿಗದಿದ್ದರೆ ಐದು ವರ್ಷದ ಕೆಲಸ ಮೊನ್ನೆ ಮೊನ್ನೆ ಸೇರಿದ ಆ ಪವಮಾನನ ಪಾಲಾಗುತ್ತದೆ. ಅದಕ್ಕೆ ಅವಳು, "ಅಲ್ರೀ, ಗಂಗಮ್ಮ ನಮ್ಮ ಹಿತ್ತಲಲ್ಲೇ ಹರೀತಾಳಲ್ಲ, ಇಲ್ಲೇ ಒಂದು ಚೊಂಬು ತಗೊಂಡು ಹೋದ್ರೆ ಆಗಲ್ವೇ?" ಎಂದಳು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅವಳ ಮುಂದೆ ಹೇಳಲಿಲ್ಲ.

ಬೀರುವಿಗೆ ಅಂಟಿಸಿ ಹೋದ ನಿನ್ನ ಸಾಮಾನಿನ ಪಟ್ಟಿ ಓದಿದೆ. ಓದಿ ತಲೆ ಕೆಟ್ಟಿತು. ಮೊದಲನೆಯದೇ "ಹತ್ತಿ ಬಟ್ಟೆ ತರಕೂಡದು". ಹತ್ತಿ ಏನು ಪಾಪ ಮಾಡಿತು? ನಾನು ಮದುವೆಯಾಗಿ ಹರಪನಹಳ್ಳಿಯಿಂದ ಈ ಊರಿಗೆ ಬಂದು ನಲವತ್ತಾರು ಚಳಿಗಾಲ ಹತ್ತಿಯ ರಜಾಯಿಯಲ್ಲೇ ಕಳೆದಿದ್ದೇನೆ. ಒಳಗೊಂದು ಪದರ, ನಡುವೆ ಒಂದು, ಮೇಲೊಂದು; ಕೈಗೆ ಎರಡು ಜೊತೆ ಗವಸು; ಕಾಲಿಗೆ ಎರಡು ಜೊತೆ ಕಾಲುಚೀಲ, ಅದರ ಮೇಲೆ ಮೊಣಕಾಲವರೆಗೆ ಇನ್ನೊಂದು ಚೀಲ; ಬೂಟಿನ ಕೆಳಗೆ ಕಬ್ಬಿಣದ ಹಲ್ಲು. ಇಷ್ಟು ತೊಟ್ಟ ಮೇಲೆ ಮನುಷ್ಯ ನಡೆಯುವುದು ಹೇಗೆ? ಕೊನೆಯಲ್ಲಿ "ಪುಕ್ಕದ ಕೋಟು" ಎಂದಿದೆ. ಅದು ಬಾತುಕೋಳಿಯ ಪುಕ್ಕ ಎಂದು ನಿನ್ನ ಮಗಳು ಗಗನಾ ಹೇಳಿದಳು. ಬೆಳ್ಳುಳ್ಳಿ ಹೆಚ್ಚಾದರೂ ತಟ್ಟೆ ಸರಿಸುವ ಮನೆ ಇದು. ಹಕ್ಕಿಯನ್ನು ಮೈಮೇಲೆ ಹಾಕಿಕೊಳ್ಳುತ್ತೀಯಾ?

ಸೋನಾರ್‌ಪುರಕ್ಕೆ ಹೋಗಿ ನಾಲ್ಕು ಅಂಗಡಿಯಲ್ಲಿ ಪಟ್ಟಿ ತೋರಿಸಿದೆ. ಒಬ್ಬ, "ಮಾತಾಜಿ, ಆಪ್ ಪಹಾಡ್ ಚಢೇಂಗಿ?" ಎಂದು ನಕ್ಕ. ಬೆಟ್ಟ ನಾನು ಹತ್ತುವುದಾಗಿದ್ದರೆ ನಿನ್ನಲ್ಲಿ ಕೇಳುತ್ತಿರಲಿಲ್ಲ ಎಂದು ಅವನಿಗೆ ಹೇಳಿ ಬಂದೆ. ದಪ್ಪ ಹತ್ತಿಯ ಎರಡು ಒಳಕುಪ್ಪಸ ಹೊಲಿದು ಕಳಿಸುತ್ತಿದ್ದೇನೆ. ತೊಡು. ಬೆಟ್ಟ ಹತ್ತಿಸುವ ನಿನ್ನ ಮೇಡಂಗೆ ತೋರಿಸಬೇಡ.

ನಿನ್ನ ಗಂಡ ಲೋಕನಾಥ ಚೆನ್ನಾಗಿದ್ದಾನೆ. ಗೀಸರ್ ಹಾಕಿ ಆರಿಸುವುದನ್ನು ಮರೆಯುತ್ತಾನೆ. ಗಗನಾ ನನ್ನ ಜೊತೆ ಪೂರ್ತಿ ಹಿಂದಿಗೆ ಇಳಿದಿದ್ದಾಳೆ.

ಗಿರಿಜಾದೇವಿ


ಶಿಬಿರ, ಉತ್ತರಕಾಶಿಯ ಮೇಲೆ
8 ಜನವರಿ 2025

ಪೂಜ್ಯ ಅತ್ತೆಯವರಿಗೆ ಶರಣು.

ನಿಮ್ಮ ಕಾಗದ, ಕುಪ್ಪಸ ಎರಡೂ ಬಂದವು. ಇಲ್ಲಿ ಮಂಗಳವಾರ ಮತ್ತು ಶನಿವಾರ ಜೀಪು ಕೆಳಗೆ ಹೋಗಿ ಟಪಾಲು ತರುತ್ತದೆ.

ಕುಪ್ಪಸ ತೊಡಲಾರೆ, ಬೇಸರ ಮಾಡಿಕೊಳ್ಳಬೇಡಿ. ಹತ್ತುವಾಗ ಮೈ ಬೆವರುತ್ತದೆ, ಹತ್ತಿ ಆ ಬೆವರನ್ನು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಆ ಒದ್ದೆ ಹಿಮದಂತೆ ಮೈಗೆ ಅಂಟುತ್ತದೆ. ಉಣ್ಣೆ ಹಾಗಲ್ಲ. ಹತ್ತುವಾಗ ಮೇಲಿನ ಪದರ ಬಿಚ್ಚುವುದು, ನಿಂತಾಗ ಹಾಕಿಕೊಳ್ಳುವುದು, ಚಳಿಯಾಗುವ ಮೊದಲೇ ಹಾಕಿಕೊಳ್ಳುವುದು. ಇದನ್ನೇ ನಮಗೆ ವಾರದಿಂದ ಕಲಿಸುತ್ತಿದ್ದಾರೆ. ಕೋಟಿನಲ್ಲಿ ಪುಕ್ಕವಿಲ್ಲ. ನಾನು ಕೇಳಿ ಬೇರೆಯದನ್ನು ತೆಗೆದುಕೊಂಡೆ. ಒಳಗೆ ಪಾಲಿಸ್ಟರ್ ನಾರು ಇದೆ, ಸ್ವಲ್ಪ ಭಾರ, ಅಷ್ಟೆ.

ಶಿಖರದ ದಿನ ಹತ್ತೊಂಬತ್ತು. ಆ ಬೆಳಿಗ್ಗೆ ನಮ್ಮ ಹರ್ಷಾ ಮೇಡಂ ಒಬ್ಬೊಬ್ಬರ ಬಟ್ಟೆ, ಬೂಟು, ಹಗ್ಗ ಸಿಕ್ಕಿಸಲು ಎದೆಗೆ ಕಟ್ಟುವ ಪಟ್ಟಿ ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. ಒಂದು ತಪ್ಪಿದ್ದರೂ ಕೆಳಗೇ ಇರಬೇಕು. ಕತ್ತಿನಲ್ಲಿ ದಾರ, ಸರ ಏನೂ ಇರಬಾರದು. ತಾಳಿ ಬಿಚ್ಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಇವರಿಗೆ ಹೇಳಿಯೇ ಬಂದಿದ್ದೆ.

ನನ್ನ ಡೇರೆಯಲ್ಲಿ ಬಳ್ಳಾರಿ ಕಡೆಯ ಒಬ್ಬ ಹುಡುಗಿ ಇದ್ದಾಳೆ, ನಮ್ಮವರೇ. ಬೆಳ್ಳಿ ಕರಡಿಗೆಯಲ್ಲಿ ಲಿಂಗ ಧರಿಸುತ್ತಾಳೆ. ಹಿಮದಲ್ಲಿ ಜಾರಿದರೆ ಕೈಯಲ್ಲಿರುವ ಹಿಮಗೊಡಲಿಯನ್ನು ಎದೆಗೆ ಅವುಚಿ ಬೋರಲು ಬಿದ್ದು ತಡೆಯಬೇಕು. ಹಾಗೆ ಬಿದ್ದಾಗಲೆಲ್ಲ ಕರಡಿಗೆ ಎದೆಗೆ ಒತ್ತುತ್ತದೆ. ಆ ಒಂದು ದಿನದ ಮಟ್ಟಿಗೆ ಲಿಂಗವನ್ನು ಡೇರೆಯಲ್ಲಿ ಇಟ್ಟು ಹೋಗಬಹುದೇ ಎಂದು ಕೇಳುತ್ತಿದ್ದಳು. ನನ್ನ ಅತ್ತೆಯವರನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಇವರಿಗೆ ಬಿ.ಪಿ. ಮಾತ್ರೆ ನೆನಪಿಸಿ.

ವಸುಮತಿ


ಜಂಗಮವಾಡಿ
13 ಜನವರಿ 2025

ವಸುಮತಿಗೆ ಆಶೀರ್ವಾದ.

ಕಾಗದ ಈಗ ಕೈಗೆ ಬಂತು. ಅಂಚೆಯವನು ಬಾಗಿಲಿಗೆ ಬರುವುದೇ ಒಂದು ಸಾಹಸವಾಗಿದೆ. ಪ್ರಯಾಗದ ಕುಂಭಮೇಳಕ್ಕೆ ಬಂದವರೆಲ್ಲ ಹಾಗೇ ಕಾಶಿಗೂ ಬಂದಿದ್ದಾರೆ. ಗಲ್ಲಿಯಲ್ಲಿ ಭುಜ ತಿರುಗಿಸಲು ಜಾಗವಿಲ್ಲ. ನಮ್ಮ ಊರ ಕಡೆಯ ಒಂದು ಬಸ್ಸಿನ ಜನ ದಶಾಶ್ವಮೇಧ ಘಾಟಿನಲ್ಲಿ ದಾರಿ ತಪ್ಪಿ ನನ್ನ ಜಗಲಿಯ ಮೇಲೆ ಕೂತು, "ಅವ್ವಾರೆ, ಮಠ ಎಲ್ಲೈತಿ?" ಎಂದರು. ಮಠದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು.

ಕುಪ್ಪಸ ತೊಡುವುದಿಲ್ಲ. ಸರಿ. ಎರಡು ರಾತ್ರಿ ಕಣ್ಣು ಕೆಡಿಸಿಕೊಂಡದ್ದು ನನ್ನ ತಪ್ಪು. ತಾಳಿ ಬಿಚ್ಚಿದ್ದೀಯ. ಅದು ನಿನ್ನ ಮತ್ತು ನಿನ್ನ ಗಂಡನ ವಿಚಾರ, ಅವನಿಗೆ ಅದರ ನೆನಪು ಇದ್ದರೆ.

ಆದರೆ ಆ ಬಳ್ಳಾರಿ ಹುಡುಗಿಗೆ ನನ್ನ ಮಾತು ಇದ್ದ ಹಾಗೇ ಹೇಳು. ದೀಕ್ಷೆಯಾದ ದಿನದಿಂದ ಮಣ್ಣಿಗೆ ಹೋಗುವ ದಿನದವರೆಗೆ ಇಷ್ಟಲಿಂಗ ಮೈಬಿಟ್ಟು ಇಳಿಯಕೂಡದು. ಜ್ವರ ಬಂದರೂ ಇಲ್ಲ, ಹೆರಿಗೆಯಾದರೂ ಇಲ್ಲ. ಬೆಟ್ಟಕ್ಕೆಂದು ಇಳಿಸುವವಳು ನಾಳೆ ಮದುವೆಯ ಫೋಟೋಗೂ ಇಳಿಸುತ್ತಾಳೆ. ಲಿಂಗವನ್ನು ಡೇರೆಯಲ್ಲಿ ಬಿಟ್ಟು ಕಲ್ಲು ಹತ್ತಲು ಹೋಗುವವಳು ನನ್ನ ಹೊಸ್ತಿಲು ದಾಟಬಾರದು, ನೀನೇ ಗೆಳತಿಯೆಂದು ಕರೆತಂದರೂ. ನಾನು ನಲವತ್ತಾರು ವರ್ಷದಲ್ಲಿ ಒಂದು ಗಳಿಗೆ ಇಳಿಸಿಲ್ಲ. ಎದೆಗೆ ಒತ್ತಿದರೆ ಒತ್ತಲಿ. ಅದು ಇರುವುದೇ ಎದೆಯ ಮೇಲೆ.

ಇಂಥವರ ಜೊತೆ ಒಂದೇ ಡೇರೆಯಲ್ಲಿ ಇರಬೇಕಾಯಿತಲ್ಲ ನಿನಗೆ. ನೀನು ಹಾಗಲ್ಲ ಎಂದು ನನಗೆ ಗೊತ್ತು, ಅದೊಂದು ಸಮಾಧಾನ.

ನಾಳೆ ಸಂಕ್ರಾಂತಿ. ಇಲ್ಲಿಯವರ ಬಾಯಲ್ಲಿ ಖಿಚಡಿ ಹಬ್ಬ. ನಿನ್ನ ಪಾಲಿನ ಎಳ್ಳುಬೆಲ್ಲ ತೆಗೆದಿಟ್ಟಿರುತ್ತೇನೆ.

ಗಿರಿಜಾದೇವಿ


ಶಿಬಿರ
20 ಜನವರಿ 2025

ಪೂಜ್ಯ ಅತ್ತೆಯವರಿಗೆ,

ನಿಮ್ಮ ಕಾಗದ ಹದಿನೆಂಟರ ಜೀಪಿನಲ್ಲಿ ಬಂತು. ನೀವು ಹೇಳಿದ್ದನ್ನು ಆ ಹುಡುಗಿಗೆ ಇದ್ದ ಹಾಗೇ ಹೇಳಿದೆ.

ನಿನ್ನೆ ಎಲ್ಲರೂ ಶಿಖರಕ್ಕೆ ಹೋಗಿ ಬಂದರು. ಬೆಳಿಗ್ಗೆ ಎಲ್ಲರ ಹಾಗೆ ನಾನೂ ಸಿದ್ಧಳಾದೆ. ತೆಳು ಉಣ್ಣೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು. ಬೂಟಿನ ಲೇಸನ್ನು ಹೆಬ್ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟಿದೆ. ನೀರಿನ ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ತಲೆಕೆಳಗಾಗಿ ಇಟ್ಟೆ, ನೀರು ಮೇಲಿಂದ ಹೆಪ್ಪುಗಟ್ಟುತ್ತದೆ, ಹೀಗಿಟ್ಟರೆ ಬಾಟಲಿಯ ಬಾಯಿ ಕಟ್ಟುವುದಿಲ್ಲ. ಹೆಲ್ಮೆಟ್ಟು, ಕನ್ನಡಕ, ಕೊಡಲಿ. ಒಂದು ಗಂಟೆ ಹಿಡಿಯಿತು. ಒಂದೂ ತಪ್ಪಿರಲಿಲ್ಲ.

ಹರ್ಷಾ ಮೇಡಂ ಎದೆಪಟ್ಟಿ ಎಳೆದು ನೋಡುವಾಗ ಅವರ ಕೈಗೆ ಏನೋ ಗಟ್ಟಿಯಾದದ್ದು ತಾಗಿತು.

"ಇದೇನು?"

"ದೇವರು."

"ಹಿಂದಿನ ವಾರವೇ ಹೇಳಿದ್ದೆ. ಮಧ್ಯಾಹ್ನ ಮೂರಕ್ಕೆ ವಾಪಸ್ ಬರ್ತೀವಿ. ಅಲ್ಲಿತನಕ ದೇವರು ಡೇರೆ ಕಾಯಲಿ."

"ಆಗಲ್ಲ ಮೇಡಂ."

"ಹಾಗಾದ್ರೆ ನೀವೂ ದೇವರ ಜೊತೆ ಕಾಯಿರಿ," ಎಂದು ಮುಂದಿನವರ ಬಳಿ ಹೋದರು. ಕೋಪದಿಂದ ಹೇಳಲಿಲ್ಲ. ಅವರದು ತಪ್ಪೂ ಅಲ್ಲ. ಅಭ್ಯಾಸದಲ್ಲಿ ಬಿದ್ದು ಬಿದ್ದು ನನ್ನ ಎದೆಯ ಮೇಲೆ ಕರಡಿಗೆಯ ಗುರುತು ನೀಲಿಗಟ್ಟಿದೆ. ನೋವಿಗೆ ಹೆದರಿ ಎರಡು ಸಲ ಕೊಡಲಿಯನ್ನು ಸರಿಯಾಗಿ ಅವುಚದೆ ಹತ್ತು ಅಡಿ ಜಾರಿದ್ದೆ. ಅದನ್ನು ಅವರು ನೋಡಿದ್ದರು.

ಬಳ್ಳಾರಿಯ ಹುಡುಗಿ ಯಾರೂ ಇಲ್ಲ ಅತ್ತೆ.

ಮುಂದಿನ ತಂಡ ಫೆಬ್ರವರಿ ಒಂಬತ್ತಕ್ಕೆ ಹತ್ತುತ್ತದೆ. ಅವರ ಜೊತೆ ಬಂದರೂ ಪ್ರಮಾಣಪತ್ರ ಕೊಡುತ್ತೇನೆ, ಇರಿ ಎಂದರು. ಆಗಲೂ ಅದೇ ಪಟ್ಟಿ, ಅದೇ ಎದೆ. ಇದ್ದು ಏನು ಮಾಡಲಿ? ಇಪ್ಪತ್ತೊಂಬತ್ತಕ್ಕೆ ಇಲ್ಲಿಂದ ಹೊರಡುತ್ತೇನೆ. ಹಿಮನದಿಗೆ ಪವಮಾನ ಹೋಗಲಿ ಎಂದು ವಿಭಾಗಕ್ಕೂ ಬರೆದು ಇಟ್ಟಿದ್ದೇನೆ, ಹೊರಡುವ ದಿನ ಅಂಚೆಗೆ ಹಾಕುತ್ತೇನೆ.

ನಿಮ್ಮ ಹೊಸ್ತಿಲಿಗೆ ತೊಂದರೆಯಿಲ್ಲ.

ವಸುಮತಿ


ಜಂಗಮವಾಡಿ
25 ಜನವರಿ 2025

ವಸುಮತಿಗೆ,

ನಿನಗೆ ಬುದ್ಧಿ ಇದೆಯೋ ಇಲ್ಲವೋ? ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವಳಿಗೆ "ಅತ್ತೆ, ನನಗೆ ಎದೆ ನೋಯುತ್ತಿದೆ" ಎಂದು ಕನ್ನಡದಲ್ಲಿ ನಾಲ್ಕು ಪದ ಬರೆಯಲು ಬರಲಿಲ್ಲವೇ? ಯಾವಳೋ ಬಳ್ಳಾರಿಯವಳನ್ನು ಹುಟ್ಟಿಸಿ ಅವಳ ಬಾಯಲ್ಲಿ ಕೇಳಿಸಿದೆ. ನಾನು ಅವಳಿಗೆ ಬೈದೆ. ನಿನಗೆ ಬೈಯುವಾಗ ನಾನು ಬೇರೆ ತರಹ ಬೈಯುತ್ತೇನೆ, ಹದಿನೈದು ವರ್ಷದಲ್ಲಿ ನಿನಗೆ ಇಷ್ಟೂ ತಿಳಿಯಲಿಲ್ಲವೇ?

ಇಷ್ಟು ನಿನ್ನ ತಪ್ಪು. ಉಳಿದದ್ದು ನನ್ನದು.

ನಿನ್ನ ಕಾಗದ ನಿನ್ನೆ ಬೆಳಿಗ್ಗೆ ಬಂತು. ಓದಿ ನೇರ ಮಠಕ್ಕೆ ಹೋದೆ. ಹುಡುಗರಿಗೆ ಪಾಠ ಹೇಳುವ ಹಿರಿಯರು ಕೊಟ್ಟೂರಯ್ಯನವರು ಬಿಸಿಲಿಗೆ ಕೂತಿದ್ದರು. ಎಲ್ಲ ಹೇಳಿದೆ. ಅವರು ನಕ್ಕುಬಿಟ್ಟರು. "ಅಲ್ಲವ್ವಾ ಗಿರಿಜಾ, ಸ್ವಾಮಿಗೆ ಬೆಳ್ಳಿ ಮನೀನೇ ಬೇಕು ಅಂತ ಯಾರ್ ಹೇಳಿದ್ರು ನಿನಗ? ತಲೀ ಮ್ಯಾಲೆ ಧರಿಸಬಹುದು, ಕೊರಳಾಗ, ಎದೀ ಮ್ಯಾಲೆ, ಕಂಕುಳಾಗ. ಹೊಕ್ಕುಳ ಕೆಳಗ ಇಳೀಬಾರದು, ಅಷ್ಟ. ಅರಿವ್ಯಾಗ ಸುತ್ತಿ ಕಂಕುಳಿಗೆ ಕಟ್ಟು ಅನ್ನು ಆಕಿಗೆ." ಇಷ್ಟೇ. ಮಠದ ಗೋಡೆಯ ಪಕ್ಕದಲ್ಲಿ ನಲವತ್ತಾರು ವರ್ಷ ಬದುಕಿ, ಊರಿನವರಿಗೆಲ್ಲ ಶಾಸ್ತ್ರ ಹೇಳಿದವಳು ನಾನು. ಒಂದು ದಿನವೂ ಒಳಗೆ ಹೋಗಿ ಕೇಳಲಿಲ್ಲ. ಎದೆ, ಬೆಳ್ಳಿ, ಶಿವದಾರ ಎಂದು ನಮ್ಮವ್ವ ತೊಡಿಸಿದ್ದನ್ನೇ ಶಾಸ್ತ್ರ ಅಂದುಕೊಂಡಿದ್ದೆ.

ಇನ್ನೊಂದು ಮಾತು. ಇದನ್ನು ಲೋಕನಾಥನಿಗೆ ಓದಿ ಹೇಳಬೇಡ.

ಏಳು ವರ್ಷದ ಹಿಂದೆ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತಲ್ಲ. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ನರ್ಸು ಬಳೆ ಬಿಚ್ಚಿಸಿದಳು, ಓಲೆ ಬಿಚ್ಚಿಸಿದಳು, ಆಮೇಲೆ ಇದನ್ನೂ ಎಂದಳು. ನಾನು ಆಗುವುದಿಲ್ಲ ಎಂದೆ. "ಅಮ್ಮಾಜಿ, ಡಾಕ್ಟರ್ ಸಾಬ್ ಕಾಯ್ತಿದಾರೆ" ಎಂದಳು. ನೋವು ಎಷ್ಟಿತ್ತೆಂದರೆ ನಾನೇ ಕೈಯಾರೆ ತೆಗೆದು ಕೊಟ್ಟೆ. ಸ್ಟೀಲಿನ ತಟ್ಟೆಯಲ್ಲಿ ಬಳೆಗಳ ಜೊತೆ ಇಟ್ಟಳು. ಮೂರು ಗಂಟೆ ಅಲ್ಲಿತ್ತು. ಎಚ್ಚರವಾದಾಗ ಮೊದಲು ಕೇಳಿದ್ದು ಅದನ್ನೇ, ನೀನು ಒಳಗೆ ಬರುವ ಮೊದಲೇ ಕೊರಳಿಗೆ ಹಾಕಿಕೊಂಡಿದ್ದೆ. ನೀನು ಬಂದು ಕಾಲು ಒತ್ತಿದೆ. ನಾನು ಹೇಳಲಿಲ್ಲ. ಯಾರಿಗೂ ಹೇಳಿಲ್ಲ. ಹೇಳದೆ ಹೇಳದೆ, ಇಳಿಸಿಯೇ ಇಲ್ಲವೆಂದು ನನಗೇ ನಂಬಿಕೆ ಬಂದಿತ್ತು. ಅದೇ ಕೈಯಿಂದ ನಿನಗೆ ಹದಿಮೂರರ ಕಾಗದ ಬರೆದೆ.

ನೋವಿಗೆ ನಾನು ಇಳಿಸಿದೆ. ನೋವಾದರೂ ನೀನು ಇಳಿಸಲಿಲ್ಲ. ನನ್ನ ಮಾತಿಗೆ ಐದು ವರ್ಷದ ಕೆಲಸ ಬಿಟ್ಟು ಡೇರೆಯಲ್ಲಿ ಕೂತೆ. ಇದಕ್ಕೆ ಏನು ಬರೆಯಬೇಕೋ ನನಗೆ ತಿಳಿಯುವುದಿಲ್ಲ. ಹೈಸ್ಕೂಲಿನಲ್ಲಿ ಇಂಥ ಕಾಗದ ಬರೆಯುವುದನ್ನು ಕಲಿಸಲಿಲ್ಲ.

ಈಗ ಕೆಲಸದ ಮಾತು. ನೀನು ಇಪ್ಪತ್ತೊಂಬತ್ತಕ್ಕೆ ಹೊರಡಬೇಡ. ಅಂಚೆ ಅಷ್ಟರೊಳಗೆ ಮುಟ್ಟುತ್ತದೋ ಇಲ್ಲವೋ, ಇದನ್ನು ಲೋಕನಾಥನ ಕೈಯಲ್ಲೇ ಕಳಿಸುತ್ತಿದ್ದೇನೆ. ಇವತ್ತು ಸಂಜೆಯ ರೈಲಿಗೆ ಹೊರಡುತ್ತಾನೆ. "ಅವ್ವಾ, ಅಲ್ಲಿ ಮೈನಸ್ ಹತ್ತು ಡಿಗ್ರಿ!" ಎಂದ. ನಿನ್ನ ಹೆಂಡತಿ ಅಲ್ಲೇ ತಿಂಗಳಿಂದ ಮಲಗುತ್ತಿದ್ದಾಳೆ ಎಂದೆ. ಮೂರು ಪದರ ತೊಡಿಸಿದ್ದೇನೆ, ಹತ್ತಿ ಒಂದೂ ಇಲ್ಲ. ಮನೆಯಲ್ಲೇ ಬೆವರುತ್ತ ನಿಂತಿದ್ದಾನೆ.

ಜೊತೆಗೆ ಮೈಗೆ ಸುತ್ತುವ ಒಂದು ಉಣ್ಣೆಯ ಪಟ್ಟಿ ಇದೆ. ಹೆಣೆದ ಉಣ್ಣೆ ಬೇಕಿತ್ತು, ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ನೈಲಾನು. ಲೋಕನಾಥನ ಹೊಸ ಸ್ವೆಟರಿನ ಎರಡೂ ತೋಳು ಕತ್ತರಿಸಿದೆ. ಬೊಬ್ಬೆ ಹಾಕಿದ. ಹಾಕಲಿ. ಎಡಗಡೆ ಒಂದು ಜೇಬು ಹೊಲಿದಿದ್ದೇನೆ, ಕರಡಿಗೆ ಬೇಡ, ಲಿಂಗವನ್ನು ಮೆತ್ತನೆಯ ಅರಿವೆಯಲ್ಲಿ ಸುತ್ತಿ ಅದರಲ್ಲಿ ಇಡು. ಕಂಕುಳ ಕೆಳಗಿಂದ ಮೈಗೆ ಸುತ್ತಿ ಗಂಟು ಹಾಕು. ಕೊಡಲಿಯನ್ನು ಯಾವ ಭುಜಕ್ಕೆ ಒತ್ತುತ್ತೀಯೋ ಅದರ ಆಚೆ ಕಡೆ ಜೇಬು ಬರಲಿ. ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಕತ್ತಿಗೆ ದಾರವಿಲ್ಲ. ಲಟ್ಟಣಿಗೆಯನ್ನು ಕೊಡಲಿ ಮಾಡಿಕೊಂಡು ನಾನೇ ಹಾಸಿಗೆಯ ಮೇಲೆ ಬೋರಲು ಬಿದ್ದು ಮೂರು ಸಲ ನೋಡಿದೆ. ಒತ್ತುವುದಿಲ್ಲ. ಗಗನಾ ನಕ್ಕು ನಕ್ಕು ಮಂಚದಿಂದ ಬಿದ್ದಳು.

ಮೊದಲು ಅಭ್ಯಾಸದಲ್ಲಿ ನಿನ್ನ ಮೇಡಂ ಮುಂದೆ ಹತ್ತು ಸಲ ಬೀಳು. ಅವರು ಒಪ್ಪಿದರೆ ಹತ್ತು. ಒಪ್ಪದಿದ್ದರೆ, ಕಾಶಿಯಲ್ಲಿ ಒಬ್ಬ ಮುದುಕಿ ಇನ್ನೊಂದು ಹೊಲಿಯಲು ಸೂಜಿ ಹಿಡಿದು ಕೂತಿದ್ದಾಳೆ ಎಂದು ಹೇಳು. ವಿಭಾಗಕ್ಕೆ ಬರೆದದ್ದನ್ನು ಹರಿದು ಹಾಕು.

ಅತ್ತೆ


ಶಿಬಿರ
11 ಫೆಬ್ರವರಿ 2025

ಪೂಜ್ಯ ಅತ್ತೆಯವರಿಗೆ ಶರಣು.

ಜೀಪು ಹೊರಟು ನಿಂತಿದೆ, ಆತುರದಲ್ಲಿ ಬರೆಯುತ್ತಿದ್ದೇನೆ. ಹರ್ಷಾ ಮೇಡಂ ನನ್ನನ್ನು ಹತ್ತಲ್ಲ, ಇಪ್ಪತ್ತು ಸಲ ಬೀಳಿಸಿದರು. ಮೊನ್ನೆ ಹನ್ನೊಂದು ಗಂಟೆಗೆ ಶಿಖರ ಮುಟ್ಟಿದೆವು. ಲಿಂಗ ಮೈಮೇಲೆಯೇ ಇತ್ತು. ಮೇಲೆ ಚೆನ್ನಾಗಿತ್ತು. ಪ್ರಮಾಣಪತ್ರ ಸಿಕ್ಕಿತು. ವಿಭಾಗದ ತಂಡ ಇಲ್ಲಿಗೇ ಬರುತ್ತದೆ, ಇಪ್ಪತ್ತೆರಡಕ್ಕೆ ಎಲ್ಲರೂ ಇಲ್ಲಿಂದಲೇ ಹಿಮನದಿಗೆ ಹೊರಡುತ್ತೇವೆ. ಪವಮಾನ ನನ್ನ ಸಹಾಯಕ.

ಇವರು ಊರು ಮುಟ್ಟಿದರೇ?

ವಸುಮತಿ


ಜಂಗಮವಾಡಿ
15 ಫೆಬ್ರವರಿ 2025

ಚಿ. ಸೌ. ವಸುಮತಿಗೆ ಅತ್ತೆಯ ಆಶೀರ್ವಾದ.

ಮುಟ್ಟಿದ್ದಾನೆ. ಮೂಗು ಇನ್ನೂ ಸೋರುತ್ತಿದೆ. ಒಂದು ದಿನ ಅಲ್ಲಿದ್ದು ಬಂದವನು ಗಲ್ಲಿಯಲ್ಲಿ ಸಿಕ್ಕವರಿಗೆಲ್ಲ ಹಿಮದ ಪಾಠ ಹೇಳುತ್ತಾನೆ.

ಆದರೆ ನಿನ್ನ ಕಾಗದ! "ಮೇಲೆ ಚೆನ್ನಾಗಿತ್ತು." ಇಷ್ಟೇನಾ? ಒಂಬತ್ತನೆಯ ತಾರೀಖು ಬೆಳಗಿನಿಂದ ನಾನು ಒಲೆಯ ಮುಂದೆ ಒಂದು ರೊಟ್ಟಿಯನ್ನೂ ಸರಿಯಾಗಿ ಬಡಿಯಲಿಲ್ಲ. ಹತ್ತನೆಯ ತಾರೀಖು, ಹನ್ನೊಂದು, ಹನ್ನೆರಡು, ಅಂಚೆಯವನ ಸೈಕಲ್ ಗಂಟೆ ಬಾರಿಸಿದಾಗಲೆಲ್ಲ ಬಾಗಿಲಿಗೆ ಓಡಿದೆ. ಓಡಿದ್ದನ್ನು ತಿರುಮಲಮ್ಮ ನೋಡಿದಳು. "ಯಾಕ್ರೀ, ಸೊಸೆ ಕಾಗದಕ್ಕೆ ಇಷ್ಟು ಅವಸರ?" ಎಂದಳು. ಗ್ಯಾಸಿನವನು ಅಂದುಕೊಂಡೆ ಎಂದೆ. ಐದು ದಿನ ಕಾದವಳಿಗೆ ಒಂದು "ಚೆನ್ನಾಗಿತ್ತು"! ಮದುವೆ ಊಟಕ್ಕೆ ಹೋಗಿ ಬಂದವರು ಇದಕ್ಕಿಂತ ಹೆಚ್ಚು ಹೇಳುತ್ತಾರೆ.

ಮೇಲಿನಿಂದ ಏನು ಕಂಡಿತು? ಗಾಳಿ ಇತ್ತೇ? ಯಾವ ಪದರ ಎಲ್ಲಿ ಬಿಚ್ಚಿದೆ, ಎಲ್ಲಿ ಹಾಕಿಕೊಂಡೆ? ಏನು ತಿಂದೆ? ಜಾರಿದೆಯಾ? ಜಾರಿದ್ದರೆ ಅದನ್ನೂ ಬರೆ, ಮುಚ್ಚಿಡಬೇಡ. ಇಪ್ಪತ್ತು ಸಲ ಬಿದ್ದಾಗ ನೀನೇ ಎದ್ದೆಯೋ, ಯಾರಾದರೂ ಎಬ್ಬಿಸಿದರೋ? ಶಿಖರದ ಮೇಲೆ ಕೂರಲು ಜಾಗವಿರುತ್ತದೆಯೇ? ಅಲ್ಲಿ ನಿಂತಾಗ ನಿನಗೆ ಅಳು ಬಂತೇ, ನಗು ಬಂತೇ?

ಇಪ್ಪತ್ತೆರಡಕ್ಕೆ ಹೊರಡುವ ಮೊದಲು ಕೂತು ನಾಲ್ಕು ಪುಟ ಬರೆ. ಮನೆಗೆ ಬಂದು ಹೇಳುತ್ತೇನೆ ಎನ್ನಬೇಡ. ಮನೆಗೆ ಬಂದರೆ ನೀನು ಸೊಸೆ, ನಾನು ಅತ್ತೆ, ನಡುವೆ ಕುಕ್ಕರಿನ ಸೀಟಿ. ಇದನ್ನೆಲ್ಲ ನಾನು ಎದುರಿಗೆ ಕೂತು ಕೇಳಲಾರೆ, ನೀನೂ ಹೇಳಲಾರೆ. ಕಾಗದದಲ್ಲೇ ಬರೆ.

ಗಿರಿಜಾದೇವಿ